ಜಿಡಿಪಿ ಎದ್ದು ನಿಂತಿತಂತೆ, ನನ್ನ ಉದ್ರಿ ಪುಸ್ತಕ ಯಾಕೆ ಏಳಲಿಲ್ಲ?

ಮೆಕ್ಕೆಜೋಳದ ದಲ್ಲಾಳಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದು ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಮಗಳ ದೆಸೆಯಿಂದ ಬರೆಯುತ್ತಿದ್ದೇನೆ. ಅವಳು ಬಿ.ಎ. ಅರ್ಥಶಾಸ್ತ್ರ. ರೋಗ ಹರಡಿದಾಗ ದೇಶದ ಆರ್ಥಿಕತೆಗೆ ಏನಾಗುತ್ತದೆ ಅಂತ ಕಾಲೇಜಿನಲ್ಲಿ ಸೆಮಿನಾರ್ ಕೊಟ್ಟಿದ್ದಾರೆ. 'ಅಪ್ಪಾ, 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಒಟ್ಟು ಉತ್ಪಾದನೆ, ಅಂದರೆ ಜಿಡಿಪಿ, ಶೇ 23.9 ಬಿತ್ತು. ಮುಂದಿನ ವರ್ಷ ಅದೇ ಮೂರು ತಿಂಗಳಲ್ಲಿ ಶೇ 20.1 ಏರಿತು. ಹೆಚ್ಚುಕಮ್ಮಿ ಸರಿಹೋಯ್ತು ಅಲ್ವಾ?' ಎಂದಳು. ನಾನು ಹೂಂ ಎಂದೆ. ಆಮೇಲೆ ಅಂಗಡಿಗೆ ಹೋಗಿ, ಅಟ್ಟದ ಮೇಲಿದ್ದ ಆ ವರ್ಷದ ಉದ್ರಿ ಪುಸ್ತಕ ಇಳಿಸಿದೆ.

ಪುಸ್ತಕದಲ್ಲಿ ಮಾರ್ಚ್ 21ರ ತನಕ ದಿನಕ್ಕೊಂದು ಪುಟ ತುಂಬಿದೆ. 22 ಜನತಾ ಕರ್ಫ್ಯೂ. 25ರಿಂದ ಲಾಕ್‌ಡೌನ್. ಆಮೇಲೆ ಹನ್ನೊಂದು ಪುಟ ಬರೀ ಬಿಳಿ. ನಮ್ಮ ಗುಮಾಸ್ತರು ಶಿಸ್ತಿನವರು, ವ್ಯಾಪಾರ ಇಲ್ಲದಿದ್ದರೂ ಮೇಲೆ ತಾರೀಕು ಬರೆದು 'ಶ್ರೀ' ಹಾಕಿದ್ದಾರೆ. ಎಪಿಎಂಸಿಗೆ, ಅಂದರೆ ನಮ್ಮ ಕೃಷಿ ಮಾರುಕಟ್ಟೆಗೆ, ಅನುಮತಿ ಇತ್ತು, ನಿಜ. ಆದರೆ ಲಾರಿ ಇಲ್ಲ, ಹಮಾಲರು ಊರಿಗೆ ಹೋಗಿದ್ದರು. ಅನುಮತಿ ಪತ್ರ ಇಟ್ಟುಕೊಂಡು ಚೀಲ ಎತ್ತಲು ಆಗುತ್ತದೆಯೇ?

ಆ ಪುಸ್ತಕದಲ್ಲಿ 41 ಜನರ ಬಾಕಿ ಇತ್ತು. ಇವತ್ತಿಗೂ 17 ಜನರದ್ದು ಹಾಗೇ ಇದೆ. ಅವರೇನು ಮೋಸಗಾರರಲ್ಲ. ಅದರಲ್ಲಿ ಒಬ್ಬರು ಈಗ ಅಂಗಡಿಯನ್ನೇ ಮುಚ್ಚಿದ್ದಾರೆ, ಎದುರು ಸಿಕ್ಕರೆ ರಸ್ತೆ ದಾಟಿ ಆ ಕಡೆ ಹೋಗುತ್ತಾರೆ. ನನಗೇ ನಾಚಿಕೆ ಆಗುತ್ತದೆ.

ನನ್ನ ಪ್ರಶ್ನೆ ಇಷ್ಟೇ. ದೇಶದ ಲೆಕ್ಕ ಎದ್ದು ನಿಂತಿದ್ದರೆ ನನ್ನ ಪುಸ್ತಕ ಯಾಕೆ ಏಳಲಿಲ್ಲ? ತಿಳಿದವರು ಹೇಳಿ. ಮಗಳಿಗೂ ಓದಿಸುತ್ತೇನೆ.

ಹರಿಹರದ ಕೋಳಿ ಫಾರಂ

ಅಣ್ಣಾ, ನಿಮ್ಮ ಲೆಕ್ಕ ಮಾರ್ಚ್ 22ಕ್ಕೆ ನಿಂತಿತು. ನಮ್ಮದು ಫೆಬ್ರವರಿಯಲ್ಲೇ ನಿಂತಿತ್ತು. ಅದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ.

ಕೋಳಿ ತಿಂದರೆ ಕೊರೊನಾ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಒಂದು ಫೋಟೊ ಹರಿದಾಡಿತು. ಸುಳ್ಳು. ಆದರೆ ಸುಳ್ಳಿಗೂ ಗಿರಾಕಿ ಓಡಿಹೋಗುತ್ತಾನೆ. ಅದರ ಬೆನ್ನಿಗೇ ಮಾರ್ಚ್‌ನಲ್ಲಿ ನಮ್ಮ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಅದು ಸುಳ್ಳಲ್ಲ. ಸುಳ್ಳೂ ನಿಜವೂ ಒಂದೇ ತಿಂಗಳು ಬಂದರೆ ಜನ ಯಾವುದನ್ನು ಬೇರ್ಪಡಿಸಿ ನೋಡುತ್ತಾರೆ? ನನ್ನ ಶೆಡ್‌ನಲ್ಲಿ 4,000 ಹಕ್ಕಿ. ನಲವತ್ತೆರಡು ದಿನಕ್ಕೆ ಎತ್ತಬೇಕಾದ ಬ್ಯಾಚು. ಎತ್ತುವವರೇ ಬರಲಿಲ್ಲ. ಕೋಳಿ ಕಾಯುವುದಿಲ್ಲ ಅಣ್ಣಾ, ತಿನ್ನುತ್ತಲೇ ಇರುತ್ತದೆ. ದಿನಾ ಫೀಡ್ ಚೀಲ ಬಿಚ್ಚುವಾಗ ನೋಟು ಹರಿದು ಹಾಕಿದ ಹಾಗೆ ಆಗುತ್ತಿತ್ತು. ಬೆಳಗಾವಿ ಕಡೆ ಒಬ್ಬರು ಜೀವಂತ ಕೋಳಿಗಳನ್ನೇ ಗುಂಡಿಗೆ ಹಾಕಿದ ವಿಡಿಯೋ ಬಂತಲ್ಲ, ಜನ ಬೈದರು. ನಾನು ಬೈಯಲಿಲ್ಲ. ನಾನು ಊರಲ್ಲಿ ಸುಮ್ನೆ ಹಂಚಿದೆ. ತಗೊಳ್ಳುವುದಕ್ಕೂ ಕೆಲವರು ಹೆದರಿದರು.

ಇನ್ನು ನಿಮ್ಮ ವಿಷಯ. ಕೋಳಿ ಫೀಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಕ್ಕೆಜೋಳ. ನಾವು ಮರಿ ಬಿಡಲಿಲ್ಲ, ಫೀಡ್ ಮಿಲ್‌ನವರು ಖರೀದಿಸಲಿಲ್ಲ, ನಿಮ್ಮ ಟೆಂಡರಿಗೆ ಕೂಗುವವರು ಇಲ್ಲವಾದರು. ಬೆಂಬಲ ಬೆಲೆ 1,760 ಇತ್ತು ಆ ವರ್ಷ. ನಮ್ಮ ಮಾವ ಏಪ್ರಿಲ್‌ನಲ್ಲಿ ಎಷ್ಟಕ್ಕೆ ಮಾರಿದರು ಗೊತ್ತಾ? 1,200. ಮಾವನಿಗೆ ಕೊರೊನಾ ಬರಲಿಲ್ಲ. ಅವರ ಹಳ್ಳಿಗೂ ಆಗ ಬಂದಿರಲಿಲ್ಲ. ಆದರೂ ಕ್ವಿಂಟಲಿಗೆ 560 ರೂಪಾಯಿ ಅದೇ ಕೊಂಡುಹೋಯ್ತು.

ಮೆಕ್ಕೆಜೋಳದ ದಲ್ಲಾಳಿ, ದಾವಣಗೆರೆ

ಹೌದು ಕಣಪ್ಪಾ. ಮೇ ತಿಂಗಳಲ್ಲಿ ಸರ್ಕಾರ ಮೆಕ್ಕೆಜೋಳ ಬೆಳೆದವರಿಗೆ ತಲಾ 5,000 ಅಂತ ಘೋಷಿಸಿತ್ತು. ಬೆಲೆ ಬಿದ್ದಿದ್ದಕ್ಕೇ ಅದು. ಐವತ್ತು ಕ್ವಿಂಟಲ್ ಇದ್ದವನಿಗೆ ಕ್ವಿಂಟಲಿಗೆ ನೂರು ರೂಪಾಯಿ ಆಯ್ತು. ಏನೂ ಇಲ್ಲದ್ದಕ್ಕಿಂತ ವಾಸಿ ಅನ್ನಿ.

ಅರ್ಥಶಾಸ್ತ್ರದ ಮೇಷ್ಟ್ರು

ದಲ್ಲಾಳರೇ, ನಿಮ್ಮ ಮಗಳ ಮೊದಲ ತಪ್ಪನ್ನು ತಿದ್ದುತ್ತೇನೆ. ನನ್ನ ವಿದ್ಯಾರ್ಥಿಗಳೆಲ್ಲ ಮಾಡುವ ತಪ್ಪೇ ಅದು.

ನಿಮ್ಮ ಅಂಗಡಿಯಲ್ಲಿ 100 ಚೀಲ ಇದೆ ಅಂದುಕೊಳ್ಳಿ. ಶೇ 23.9 ಹೋಯ್ತು. ಉಳಿದಿದ್ದು 76. ಮುಂದಿನ ವರ್ಷ ಶೇ 20.1 ಏರಿತು. ಯಾವುದರ ಮೇಲೆ? ನೂರರ ಮೇಲಲ್ಲ, ಆ 76ರ ಮೇಲೆ. 76ಕ್ಕೆ 15 ಸೇರಿಸಿದರೆ 91. ಪತ್ರಿಕೆಯಲ್ಲಿ '20 ಪರ್ಸೆಂಟ್ ಜಿಗಿತ' ಅಂತ ದೊಡ್ಡ ಅಕ್ಷರ. ಗೋಡೌನಿನಲ್ಲಿ ಇನ್ನೂ ಒಂಬತ್ತು ಚೀಲ ಕಡಿಮೆ. ಅದರ ಮೇಲೆ, ರೋಗ ಬರದೇ ಇದ್ದಿದ್ದರೆ ಎರಡು ವರ್ಷದಲ್ಲಿ ಆ ನೂರು ಚೀಲ ನೂರಹತ್ತು ಆಗಬೇಕಿತ್ತು. ಆ ಲೆಕ್ಕ ಯಾರೂ ಹಾಕುವುದಿಲ್ಲ. ಈ ಅಂಕಿಗಳನ್ನು ಆಮೇಲೆ ಸ್ವಲ್ಪ ಪರಿಷ್ಕರಿಸಿದ್ದಾರೆ, ಆದರೆ ಚಿತ್ರ ಬದಲಾಗಿಲ್ಲ.

ಎರಡನೆಯದು ಇನ್ನೂ ಮುಖ್ಯ. ಮೂರು ತಿಂಗಳಿಗೊಮ್ಮೆ ಜಿಡಿಪಿ ಲೆಕ್ಕ ತೆಗೆಯುವಾಗ ನಿಮ್ಮ ಅಂಗಡಿಗೆ ಯಾರಾದರೂ ಬಂದು ಪುಸ್ತಕ ನೋಡಿದ್ದಾರಾ? ಇಲ್ಲ. ಷೇರು ಮಾರುಕಟ್ಟೆಯಲ್ಲಿರುವ ದೊಡ್ಡ ಕಂಪನಿಗಳ ಲೆಕ್ಕ ಬೇಗ ಸಿಗುತ್ತದೆ. ಸಣ್ಣಪುಟ್ಟ ವ್ಯಾಪಾರದ ಲೆಕ್ಕ ಹಾಗೆ ಸಿಗುವುದಿಲ್ಲ. ಹಾಗಾಗಿ ದೊಡ್ಡವರು ಹೇಗೆ ನಡೆದರೋ ಚಿಕ್ಕವರೂ ಹೆಚ್ಚುಕಮ್ಮಿ ಹಾಗೇ ನಡೆದಿರುತ್ತಾರೆ ಅಂತ ಆಗ ಅಂದಾಜು ಮಾಡುತ್ತಿದ್ದರು. ಎಲ್ಲ ಸರಿ ಇರುವ ಕಾಲದಲ್ಲಿ ಈ ಅಂದಾಜು ನಡೆಯುತ್ತದೆ. ಆದರೆ 2020ರಲ್ಲಿ ಚಿಕ್ಕ ಅಂಗಡಿ ಮುಚ್ಚಿದ್ದಕ್ಕೇ ದೊಡ್ಡ ಕಂಪನಿಗೆ ಗಿರಾಕಿ ಸಿಕ್ಕಿದ ಉದಾಹರಣೆ ಎಷ್ಟಿಲ್ಲ? ಅಂಥ ಕಡೆ ಒಬ್ಬನ ಏಳಿಗೆಯನ್ನು ನೋಡಿ ಇನ್ನೊಬ್ಬನೂ ಎದ್ದ ಅಂತ ಬರೆದ ಹಾಗಾಯ್ತು. ನಿಮ್ಮ 17 ಜನ ಆ ಲೆಕ್ಕದಲ್ಲಿ ಎದ್ದು ನಿಂತಿದ್ದಾರೆ. ನಿಮ್ಮ ಪುಸ್ತಕದಲ್ಲಿ ಮಾತ್ರ ಕೂತಿದ್ದಾರೆ.

ಪಿಬಿ ರೋಡ್ ಪಯಣಿಗ

ಎಲ್ಲಾ ಲಾಕ್‌ಡೌನ್ ಮಾಡಿದ್ದರಿಂದ ಆಗಿದ್ದು. ಮುಚ್ಚದೇ ಇದ್ದಿದ್ದರೆ ಏನೂ ಆಗ್ತಿರಲಿಲ್ಲ. ಮೇ 4ಕ್ಕೆ ಮದ್ಯದ ಅಂಗಡಿ ತೆಗೆದರು, ರಾಜ್ಯದಲ್ಲಿ ಮೊದಲ ದಿನವೇ 45 ಕೋಟಿ. ಜನರ ಹತ್ತಿರ ದುಡ್ಡಿತ್ತು ಸ್ವಾಮಿ, ಬಾಗಿಲು ಇರಲಿಲ್ಲ ಅಷ್ಟೇ.

ಅರ್ಥಶಾಸ್ತ್ರದ ಮೇಷ್ಟ್ರು

ಅಷ್ಟು ಸುಲಭವಲ್ಲ ಸ್ವಾಮಿ. ಮೇಲೆ ಹರಿಹರದವರು ಬರೆದಿದ್ದು ಓದಿ. ಕೋಳಿ ವ್ಯಾಪಾರ ನಿಂತಾಗ ಲಾಕ್‌ಡೌನ್ ಇರಲೇ ಇಲ್ಲ.

1994ರ ಸೂರತ್ ನೆನಪಿದೆಯಾ? ಪ್ಲೇಗ್ ಸುದ್ದಿ. 2020ರ ಹಾಗೆ ದೇಶಕ್ಕೆಲ್ಲ ಲಾಕ್‌ಡೌನ್ ಇರಲಿಲ್ಲ. ಆದರೂ ಲಕ್ಷಾಂತರ ಜನ ರೈಲು ಹತ್ತಿ ಓಡಿದರು. ವಜ್ರ ಉಜ್ಜುವ ಕಾರ್ಖಾನೆ, ಜವಳಿ ಮಗ್ಗ ಎಲ್ಲ ನಿಂತವು. ಹೊರದೇಶಗಳು ವಿಮಾನ ನಿಲ್ಲಿಸಿದವು, ನಮ್ಮ ಸರಕನ್ನೂ ಬೇಡ ಎಂದವು. ಸತ್ತವರು ಐವತ್ತರ ಆಸುಪಾಸು. ಒಂದೊಂದು ಜೀವವೂ ದೊಡ್ಡದೇ. ಆದರೆ ನಷ್ಟ ಸಾವಿನ ಲೆಕ್ಕಕ್ಕೆ ತಾಳೆಯೇ ಆಗದಷ್ಟು ಆಯಿತು. 2003ರಲ್ಲಿ ಸಾರ್ಸ್ ಅನ್ನುವ ಉಸಿರಾಟದ ರೋಗ ಬಂದಾಗಲೂ ಅದೇ ಕಥೆ. ಪ್ರಪಂಚದಲ್ಲೆಲ್ಲ ಸೇರಿ ಸತ್ತವರು ಎಂಟುನೂರಕ್ಕಿಂತ ಕಡಿಮೆ. ಹಾಂಗ್‌ಕಾಂಗ್‌ನ ಹೋಟೆಲುಗಳು ಖಾಲಿ ಹೊಡೆದವು.

ತದ್ವಿರುದ್ಧ 1918ರ ಇನ್‌ಫ್ಲುಯೆಂಜಾ ಜ್ವರ. ಆಗ ಈ ದೇಶದಲ್ಲಿ ಕೋಟಿಗೂ ಮೀರಿ ಜನ ಸತ್ತರು. 1911ರಿಂದ 1921ರ ನಡುವಿನ ಜನಗಣತಿಯಲ್ಲಿ ಜನಸಂಖ್ಯೆಯೇ ಇಳಿಯಿತು, ಆ ಹತ್ತು ವರ್ಷ ಬಿಟ್ಟರೆ ಮತ್ತೆಂದೂ ಹಾಗಾಗಿಲ್ಲ. ಸತ್ತವರಲ್ಲಿ ದುಡಿಯುವ ವಯಸ್ಸಿನವರೇ ಜಾಸ್ತಿ. ಅಲ್ಲಿ ಕೆಲಸ ನಿಂತಿದ್ದು ಹೆದರಿಕೆಯಿಂದಲ್ಲ, ನೇಗಿಲು ಹಿಡಿಯಲು ಕೈಯೇ ಇರಲಿಲ್ಲ. ರೋಗ ಆರ್ಥಿಕತೆಯನ್ನು ಹೊಡೆಯಲು ಎರಡು ದಾರಿ. ಕೈ ಕಡಿಯುತ್ತದೆ, ಇಲ್ಲಾ ಕೈ ಹಿಂದಕ್ಕೆ ಎಳೆದುಕೊಳ್ಳುವ ಹಾಗೆ ಮಾಡುತ್ತದೆ. ಕೊರೊನಾ ಎರಡನ್ನೂ ಮಾಡಿತು.

ಮದ್ಯದ ಅಂಗಡಿ ಯಾಕೆ ತೆಗೆದರು ಅಂತಲೂ ಹೇಳಿಬಿಡುತ್ತೇನೆ. ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಯಲ್ಲಿ ಉಳಿದ ದೊಡ್ಡ ತೆರಿಗೆ ಅಂದರೆ ಮದ್ಯ, ಪೆಟ್ರೋಲು ಡೀಸೆಲು, ಮುದ್ರಾಂಕ, ವಾಹನ ನೋಂದಣಿ. ನಾಲ್ಕೂ ಒಟ್ಟಿಗೆ ಕುಸಿದಿದ್ದವು. ಸಂಬಳ ಕೊಡಬೇಕಲ್ಲ? ಕೇಂದ್ರವೂ ಅದೇ ವಾರ ಪೆಟ್ರೋಲಿಗೆ ಲೀಟರಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕ ಏರಿಸಿತು.

ಚನ್ನಗಿರಿ ಅಡಿಕೆ ತೋಟ

ನಾನು ಸತ್ಯ ಹೇಳಿದರೆ ಎಲ್ಲರೂ ಬೈಯುತ್ತೀರಿ. ನಮಗೆ ಆ ವರ್ಷ ಚೆನ್ನಾಗಿತ್ತು. ಏಪ್ರಿಲ್, ಮೇ ವಹಿವಾಟು ನಿಂತಿದ್ದು ಹೌದು. ಆಮೇಲೆ ಹೊರಗಿನ ಅಡಿಕೆ ಬರುವುದು ಕಡಿಮೆಯಾಯ್ತು, 'ರಾಶಿ ಇಡಿ' ಅನ್ನುವ ಬಗೆಯ ಅಡಿಕೆ ಕ್ವಿಂಟಲಿಗೆ 40 ಸಾವಿರ ಆಚೆ ಹೋಯ್ತು. ಅಡಿಕೆ ಕೋಳಿ ಅಲ್ಲ, ಚೀಲದಲ್ಲಿ ಇಟ್ಟರೆ ಕಾಯುತ್ತದೆ. ಇಟ್ಟುಕೊಳ್ಳಲು ತಾಕತ್ತು ಇದ್ದವನು ಗೆದ್ದ. ನಮ್ಮೂರಲ್ಲಿ ಆ ವರ್ಷ ಹೊಸ ಮನೆ ಎದ್ದಿವೆ, ಹೊಸ ಕಾರು ಬಂದಿವೆ. ದೇಶಕ್ಕೆ ಕಷ್ಟ ಬಂತು ಅಂದರೆ ಎಲ್ಲರಿಗೂ ಬಂತು ಅಂತಲ್ಲ.

ಮೆಕ್ಕೆಜೋಳದ ದಲ್ಲಾಳಿ, ದಾವಣಗೆರೆ

ಬೈಯುವುದಿಲ್ಲ ಗೌಡ್ರೆ. ಆದರೆ ತೋಟದ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟು ಕೂತವರು ಹೇಳುವ ಮಾತು ಬೇರೆ, ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು ಹೇಳುವ ಮಾತು ಬೇರೆ. ಅವನ ಕೂಲಿ 40 ಸಾವಿರದ ಲೆಕ್ಕದಲ್ಲಿ ಏರಿತಾ?

ಚನ್ನಗಿರಿ ಅಡಿಕೆ ತೋಟ

ಅಷ್ಟು ಏರಲಿಲ್ಲ. ಒಪ್ಪಿದೆ.

ಭಟ್ಟಿಯ ಹುಡುಗ

ಅಂಕಲ್, ನಾನು ಮಂಡಕ್ಕಿ ಭಟ್ಟಿ ಮನೆಯವನು. ನಮ್ಮಪ್ಪ, ಅಜ್ಜ ಇಬ್ಬರೂ ಅದೇ ಕೆಲಸ. ನಮ್ಮ ಕಡೆಯದೂ ಸ್ವಲ್ಪ ಬರೆಯುತ್ತೇನೆ.

ಭಟ್ಟಿ ನೋಡದವರಿಗೆ: ಭತ್ತ ನೆನೆಸಿ, ಹುರಿದು, ಅಕ್ಕಿ ಮಾಡಿಸಿ, ಉಪ್ಪುನೀರು ಹಾಕಿ ಮತ್ತೆ ಒಣಗಿಸಿ, ಕೊನೆಗೆ ಕಾದ ಮರಳಿನಲ್ಲಿ ಅರಳಿಸುತ್ತಾರೆ. ಒಂದು ಭಟ್ಟಿಯಲ್ಲಿ ಮನೆಮಂದಿ ಎಲ್ಲ ದುಡಿಯುತ್ತಾರೆ. ಭತ್ತ ಉದ್ರಿ, ಕಟ್ಟಿಗೆ ಉದ್ರಿ. ಮಂಡಕ್ಕಿ ಮಾರಿದ ಮೇಲೆ ತೀರಿಸುವುದು. ಬೇಸಿಗೆ ನಮಗೆ ಸುಗ್ಗಿ, ಯಾಕಂದರೆ ಊರೂರಲ್ಲಿ ಜಾತ್ರೆ, ತೇರು. ತೇರಿನ ಬೀದಿಯಲ್ಲಿ ಮಂಡಕ್ಕಿ ರಾಶಿ ಇಲ್ಲದ ಜಾತ್ರೆ ಇದೆಯಾ? 2020ರಲ್ಲಿ ಒಂದು ತೇರೂ ಎಳೆಯಲಿಲ್ಲ. ಮಿರ್ಚಿ ಗಾಡಿಯೂ ಇಲ್ಲ. ಮನೆಯಲ್ಲಿ ಕಟ್ಟಿಟ್ಟ ಚೀಲಗಳು ಮೆತ್ತಗಾದವು. ಮೆತ್ತಗಾದ ಮಂಡಕ್ಕಿಯನ್ನು ಯಾರು ಕೊಳ್ಳುತ್ತಾರೆ?

ಅದೂ ನಮ್ಮ ಜಿಲ್ಲೆ ಹಸಿರು ವಲಯ ಅಂತ ಖುಷಿಯಲ್ಲಿದ್ದೆವು. ಏಪ್ರಿಲ್ ಕೊನೆಗೆ ಕೇಸು ಬಂದವು. ನಮ್ಮ ಬೀದಿಗೆ ತಗಡು ಬಡಿದು ಸೀಲ್‌ಡೌನ್ ಮಾಡಿದರು. ಅಪ್ಪ ತಗಡಿನ ಆ ಕಡೆ ನಿಂತಿದ್ದ ಕಟ್ಟಿಗೆಯವನ ಹತ್ತಿರ 'ಮುಂದಿನ ತಿಂಗಳು' ಅಂತ ಕೂಗಿ ಹೇಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕೇಂದ್ರದ 20 ಲಕ್ಷ ಕೋಟಿ ಪರಿಹಾರ ಪ್ಯಾಕೇಜ್ ಬಂತಲ್ಲ, ಅಪ್ಪ ಒಂದು ಬ್ಯಾಂಕಿಗೆ ಹೋಗಿ ಕೇಳಿದರು. 'ನಿಮಗೆ ಈಗಾಗಲೇ ಸಾಲ ಇದೆಯಾ?' ಅಂದರಂತೆ. 'ಇಲ್ಲ, ನಾವು ಬ್ಯಾಂಕಿನಲ್ಲಿ ಸಾಲ ಮಾಡಿದವರಲ್ಲ' ಅಂತ ಅಪ್ಪ ಹೆಮ್ಮೆಯಿಂದ ಹೇಳಿದ್ದಾರೆ. 'ಹಾಗಾದರೆ ಬರುವುದಿಲ್ಲ' ಎಂದು ಕಳಿಸಿದರು.

ನಿವೃತ್ತ ಬ್ಯಾಂಕ್ ನೌಕರ

ತಮ್ಮಾ, ನಿಮ್ಮಪ್ಪನಿಗೆ ಹೇಳಿದ್ದು ನಿಯಮದ ಪ್ರಕಾರ ಸರಿ. ಅದೇ ಬೇಸರದ ವಿಷಯ. ಸಣ್ಣ ಉದ್ಯಮಗಳಿಗೆ 3 ಲಕ್ಷ ಕೋಟಿಯ ಗ್ಯಾರಂಟಿ ಸಾಲ ಅಂತ ಇತ್ತು. ಫೆಬ್ರವರಿ ಕೊನೆಗೆ ಎಷ್ಟು ಸಾಲ ಬಾಕಿ ಇತ್ತೋ ಅದರ ಶೇ 20ರಷ್ಟು ಹೊಸದಾಗಿ ಕೊಡಬಹುದು. ಬಾಕಿ ಸೊನ್ನೆ ಇದ್ದರೆ ಸೊನ್ನೆಯ ಶೇ 20. ಆ 20 ಲಕ್ಷ ಕೋಟಿಯಲ್ಲಿ ದೊಡ್ಡ ಪಾಲು ಇಂಥ ಸಾಲ, ಗ್ಯಾರಂಟಿ, ರಿಸರ್ವ್ ಬ್ಯಾಂಕ್ ಮಾರುಕಟ್ಟೆಗೆ ಬಿಟ್ಟ ಹಣ. ಜನರ ಕೈಗೆ ನೇರ ಬಂದಿದ್ದು ಜನಧನ್ ಖಾತೆಯ ಹೆಂಗಸರಿಗೆ ಮೂರು ತಿಂಗಳು 500 ರೂಪಾಯಿ, ರೇಷನ್‌ನಲ್ಲಿ ತಲೆಗೆ 5 ಕೆಜಿ ಹೆಚ್ಚುವರಿ ಧಾನ್ಯ, ಅಂಥವು. ಧಾನ್ಯ ಮಾತ್ರ ನಿಜವಾಗಿಯೂ ಹೊಟ್ಟೆ ಕಾಪಾಡಿತು, ಅದನ್ನು ಅಲ್ಲಗಳೆಯಬಾರದು.

ಕಂತು ಮುಂದೂಡಿಕೆಯಲ್ಲಿ ಜನ ಎಡವಿದ್ದು ನಾನೇ ಕೌಂಟರಿನಲ್ಲಿ ಕೂತು ನೋಡಿದ್ದೇನೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಕಟ್ಟದಿದ್ದರೂ ನಡೆಯುತ್ತದೆ ಎಂದಿತು ರಿಸರ್ವ್ ಬ್ಯಾಂಕ್. ಎಷ್ಟೋ ಜನ 'ಆರು ಕಂತು ಮನ್ನಾ' ಅಂದುಕೊಂಡರು. ಬಡ್ಡಿ ಓಡುತ್ತಲೇ ಇತ್ತು. ಒಬ್ಬ ಆಟೋದವನಿಗೆ ಎರಡು ಲಕ್ಷ ಬಾಕಿ, ಶೇ 12 ಬಡ್ಡಿ. ಆರು ತಿಂಗಳಿಗೆ 12 ಸಾವಿರ ಅಸಲಿಗೆ ಸೇರಿತು. ಆಮೇಲೆ ಬಡ್ಡಿಯ ಮೇಲಿನ ಬಡ್ಡಿ ಮಾತ್ರ ವಾಪಸ್ ಬಂತು, ಅದು ಕೆಲವೇ ನೂರು ರೂಪಾಯಿ.

ಇದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಚಿನ್ನದ ಸಾಲ. ಮೊದಲು ಒಡವೆ ಬೆಲೆಯ ಶೇ 75ರವರೆಗೆ ಸಾಲ ಕೊಡಬಹುದಿತ್ತು. 2020ರ ಆಗಸ್ಟ್‌ನಲ್ಲಿ ಅದನ್ನು ಶೇ 90ಕ್ಕೆ ಏರಿಸಿದರು, 2021ರ ಮಾರ್ಚ್‌ವರೆಗೆ. ಒಳ್ಳೆಯ ಉದ್ದೇಶವೇ. ಆಗ ಚಿನ್ನ ಹತ್ತು ಗ್ರಾಂಗೆ 55 ಸಾವಿರ ದಾಟಿತ್ತು. 90 ಅಂದರೆ ಸುಮಾರು 50 ಸಾವಿರ ಸಾಲ. ಮಾರ್ಚ್ ಹೊತ್ತಿಗೆ ಚಿನ್ನ 45 ಸಾವಿರದ ಆಸುಪಾಸಿಗೆ ಇಳಿಯಿತು. ಸಾಲಕ್ಕಿಂತ ಒಡವೆ ಅಗ್ಗ! ಪತ್ರಿಕೆಯ ಹಿಂದಿನ ಪುಟಗಳಲ್ಲಿ ಹರಾಜು ಜಾಹೀರಾತು ಸಾಲುಸಾಲು. ನಿಮ್ಮ 17 ಜನರ ಮನೆಯಲ್ಲಿ ಎಷ್ಟು ಸರ ಹಾಗೆ ಹೋಗಿದೆಯೋ ಕೇಳಿ ನೋಡಿ.

ಜಗಳೂರಿಗೆ ಮರಳಿದವನು

ನಾನು ಬೆಂಗಳೂರಿನಲ್ಲಿ ಟೈಲ್ಸ್ ಹಾಕುತ್ತಿದ್ದೆ. ದಿನಕ್ಕೆ 900. ಮೇ 3ರಿಂದ ಸರ್ಕಾರಿ ಬಸ್ ಫ್ರೀ ಬಿಟ್ಟಾಗ ಮೆಜೆಸ್ಟಿಕ್‌ನಲ್ಲಿ ಅರ್ಧ ದಿನ ಸಾಲಿನಲ್ಲಿ ನಿಂತು ಊರಿಗೆ ಬಂದೆ. ಇಲ್ಲಿ ನರೇಗಾದಲ್ಲಿ 275 ರೂಪಾಯಿ. ಕೆರೆ ಹೂಳೆತ್ತಿದೆವು. ಟೈಲ್ಸ್ ಹಾಕುವ ಕೈಗೆ ಪಿಕಾಸಿ ಬಂತು, ಬೇಜಾರಿಲ್ಲ, ಊಟಕ್ಕೆ ಆಯ್ತು.

ಆದರೆ ಒಂದು ಮಾತು. ನಮ್ಮ ಎರಡು ಎಕರೆ ಮಳೆ ಹೊಲದಲ್ಲಿ ಮೊದಲು ಅಪ್ಪ ಅಮ್ಮ ಇಬ್ಬರೇ ದುಡಿಯುತ್ತಿದ್ದರು. ಆ ವರ್ಷ ನಾವು ಐದು ಜನ. ಬೆಳೆ ಅಷ್ಟೇ ಬಂತು. ನನ್ನನ್ನು ಯಾರಾದರೂ ಕೇಳಿದ್ದರೆ 'ಕೆಲಸ ಇದೆ, ಬೇಸಾಯ' ಅಂತಲೇ ಹೇಳುತ್ತಿದ್ದೆ.

ಅರ್ಥಶಾಸ್ತ್ರದ ಮೇಷ್ಟ್ರು

ತಮ್ಮಾ, ನೀನು ಬರೆದ ಕೊನೆಯ ಸಾಲು ಈ ಚರ್ಚೆಯಲ್ಲಿ ನಾನು ಬರೆದಿದ್ದಕ್ಕಿಂತ ದೊಡ್ಡದು. ಕೇಂದ್ರದ ಸಮೀಕ್ಷೆಯಲ್ಲೇ ಇದೆ. ದುಡಿಯುವವರಲ್ಲಿ ಬೇಸಾಯದಲ್ಲಿ ಇದ್ದವರು 2018-19ರಲ್ಲಿ ಶೇ 42.5. ಅದು ವರ್ಷ ವರ್ಷ ಇಳಿಯುತ್ತಿತ್ತು. 2020-21ಕ್ಕೆ ಶೇ 46.5ಕ್ಕೆ ಏರಿತು. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಬೇಸಾಯ ಶೇ 3.4 ಬೆಳೆಯಿತು ಅಂತ ಎಲ್ಲರೂ ಹೊಗಳಿದರು. ಕಟ್ಟಡ ಕೆಲಸ ಅರ್ಧಕ್ಕೆ ಅರ್ಧ ಬಿದ್ದಿತ್ತು. ಆ ಅರ್ಧದ ಜನ ಎಲ್ಲಿಗೆ ಹೋದರು? ಜಗಳೂರಿನ ಎರಡು ಎಕರೆಗೆ. ಪುಸ್ತಕದಲ್ಲಿ ನಿರುದ್ಯೋಗಿ ಅಲ್ಲ, 900ರ ಜಾಗದಲ್ಲಿ 275.

ದಲ್ಲಾಳರೇ, ಮಗಳು ಸೆಮಿನಾರ್‌ನಲ್ಲಿ ಇದೊಂದನ್ನು ಹೇಳಲಿ, ಸಾಕು.

ಆಶಾ ಅಕ್ಕ

ಎಲ್ಲರೂ ದುಡ್ಡಿನ ಬಗ್ಗೆ ಬರೆದಿದ್ದೀರಿ. ರೋಗ ಅಂತ ಒಂದಿತ್ತಲ್ಲ, ಅದನ್ನು ನೋಡಿಕೊಂಡವರು ನಾವು, ಊರಿನ ಆಶಾ ಆರೋಗ್ಯ ಕಾರ್ಯಕರ್ತೆಯರು. ಕೈಯಲ್ಲಿ ರಿಜಿಸ್ಟರ್ ಹಿಡಿದು ಮನೆಮನೆ ತಿರುಗಿದೆವು. ಕೆಲವು ಮನೆಯಲ್ಲಿ ಬಾಗಿಲು ತೆಗೆಯಲಿಲ್ಲ, ಕೆಲವು ಕಡೆ ನಾಯಿ ಬಿಟ್ಟರು. ಅದೇ ವರ್ಷ ಜುಲೈನಲ್ಲಿ ತಿಂಗಳಿಗೆ 12,000 ಗೌರವಧನ ಕೊಡಿ ಅಂತ ರಾಜ್ಯದ ಆಶಾಗಳೆಲ್ಲ ಮುಷ್ಕರ ಮಾಡಿದೆವು. ಚಪ್ಪಾಳೆ ಮೊದಲೇ ಸಿಕ್ಕಿತ್ತು.

ಎರಡನೇ ಅಲೆಯಲ್ಲಿ, 2021ರ ಮೇನಲ್ಲಿ, ನಮ್ಮ ಬೀದಿಯ ಒಬ್ಬರನ್ನು ಹನ್ನೆರಡು ದಿನ ಖಾಸಗಿ ಆಸ್ಪತ್ರೆಯಲ್ಲಿ ಇಟ್ಟರು. ಅವರು ಉಳಿದರು. ಮನೆ ಅಡ ಇಟ್ಟಿದ್ದು ಇನ್ನೂ ಬಿಡಿಸಿಕೊಂಡಿಲ್ಲ. ದೊಡ್ಡ ಮಗ ಎಂಟನೇ ಕ್ಲಾಸಿನಿಂದ ಗ್ಯಾರೇಜಿಗೆ ಹೋದವನು ಶಾಲೆ ತೆರೆದ ಮೇಲೂ ವಾಪಸ್ ಹೋಗಲಿಲ್ಲ. ಈಗ ಒಳ್ಳೆ ಮೆಕ್ಯಾನಿಕ್ ಅಂತೆ. ಲೆಕ್ಕದಲ್ಲಿ ಚುರುಕಿದ್ದ ಹುಡುಗ.

ನಿವೃತ್ತ ಬ್ಯಾಂಕ್ ನೌಕರ

ಅಕ್ಕಾ, ಅಂಥ ಮನೆಗಳೇ ಜಾಸ್ತಿ. 2013-14ರಲ್ಲಿ ಈ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಶೇ 64.2ರಷ್ಟನ್ನು ಜನ ಸ್ವಂತ ಜೇಬಿನಿಂದ ಕೊಡುತ್ತಿದ್ದರು. 2021-22ಕ್ಕೆ ಶೇ 39.4ಕ್ಕೆ ಇಳಿದಿದೆ. ಇಳಿದಿದ್ದು ಒಳ್ಳೆಯದೇ. ಆದರೆ ಆ 39 ಎಲ್ಲರ ಮನೆಗೂ ಸಮನಾಗಿ ಹಂಚಿ ಬರುವುದಿಲ್ಲ. ಬಂದವರ ಮನೆಗೆ ನೂರಕ್ಕೆ ನೂರು ಬರುತ್ತದೆ.

ಪಿಬಿ ರೋಡ್ ಪಯಣಿಗ

ಸರಿ, ನಾನು ಲಾಕ್‌ಡೌನ್ ಒಂದನ್ನೇ ಬೈದಿದ್ದು ತಪ್ಪು. ಎರಡನೇ ಅಲೆಯಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಅಂಗಡಿ ತೆಗೆಯಲು ಬಿಟ್ಟಿದ್ದರು, ನನ್ನ ತಮ್ಮ ದಿನಾ ತೆಗೆದ. ಗಿರಾಕಿ ಚೀಟಿ ಎಸೆದು ದೂರ ನಿಲ್ಲುತ್ತಿದ್ದರು, ಅರ್ಧ ಜನ ಬರಲೇ ಇಲ್ಲ. ಆದರೂ ನಾಲ್ಕು ಗಂಟೆ ನೋಟಿಸ್ ಕೊಟ್ಟು ದೇಶ ಮುಚ್ಚಿದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮೆಕ್ಕೆಜೋಳದ ದಲ್ಲಾಳಿ, ದಾವಣಗೆರೆ

ಅದನ್ನು ನಾನೂ ಒಪ್ಪುವುದಿಲ್ಲ. ಹಮಾಲರು ಊರು ಸೇರಲು ಎರಡು ದಿನ ಸಿಕ್ಕಿದ್ದರೆ ಸಾಕಿತ್ತು.

ಮಗಳು ಎಲ್ಲಾ ಓದಿದಳು. 76, 91ರ ಲೆಕ್ಕವನ್ನು ನೋಟ್ಸಿನಲ್ಲಿ ಬರೆದುಕೊಂಡಳು. 900, 275ನ್ನು ದಪ್ಪಕ್ಷರದಲ್ಲಿ ಬರೆದುಕೊಂಡಳು. ಉದ್ರಿ ಪುಸ್ತಕವನ್ನೂ ಕಾಲೇಜಿಗೆ ಒಯ್ಯುತ್ತೇನೆ ಎಂದಳು. ಹೆಸರುಗಳಿವೆ, ಬೇಡ ಎಂದೆ. ಆ ಹನ್ನೊಂದು ಬಿಳಿ ಪುಟಗಳ ಫೋಟೊ ಮಾತ್ರ ತೆಗೆದುಕೊಂಡು ಹೋಗಿದ್ದಾಳೆ.

ಭಟ್ಟಿಯ ಹುಡುಗಾ, ನಾನು ಭತ್ತದ ದಲ್ಲಾಳಿಯೂ ಹೌದು.

ಭಟ್ಟಿಯ ಹುಡುಗ

ಗೊತ್ತು ಅಂಕಲ್. ಆ 17ರಲ್ಲಿ ನಮ್ಮಪ್ಪ ಇದ್ದರೂ ಇರಬಹುದು ಅಂತ ಮೊದಲ ಪೋಸ್ಟ್ ಓದುವಾಗಲೇ ಅನಿಸಿತ್ತು. ಅದಕ್ಕೇ ಬರೆದೆ.

ಮೆಕ್ಕೆಜೋಳದ ದಲ್ಲಾಳಿ, ದಾವಣಗೆರೆ

ಯಾವ ಭಟ್ಟಿ ಅಂತ ಇಲ್ಲಿ ಬರೆಯಬೇಡ. ಗುರುವಾರ ಸಂಜೆ ಅಪ್ಪನನ್ನು ಕರೆದುಕೊಂಡು ಅಂಗಡಿಗೆ ಬಾ. ಲೆಕ್ಕ ಮಾತಾಡಲಿಕ್ಕಲ್ಲ. ಮಿರ್ಚಿ ನಾನು ತರಿಸುತ್ತೇನೆ, ಮಂಡಕ್ಕಿ ನೀನು ತಾ.

ಹರಿಹರದ ಕೋಳಿ ಫಾರಂ

ಮಿರ್ಚಿ ತಿನ್ನುವ ಮೊದಲು ಇವತ್ತಿನ ಟೆಂಡರ್ ಎಷ್ಟಕ್ಕೆ ನಿಂತಿತು ಹೇಳಿ ಅಣ್ಣಾ. ಹೊಸ ಬ್ಯಾಚ್ ಬಿಡಬೇಕು, ಫೀಡ್ ಲೆಕ್ಕ ಹಾಕುತ್ತಿದ್ದೇನೆ.

ಮೆಕ್ಕೆಜೋಳದ ದಲ್ಲಾಳಿ, ದಾವಣಗೆರೆ

ಒಣಗಿದ್ದಕ್ಕೆ ಒಂದು ರೇಟು, ಹಸಿಗೆ ಒಂದು. ಬೆಳಿಗ್ಗೆ ಹತ್ತರ ಮೇಲೆ ಫೋನ್ ಮಾಡಪ್ಪಾ.